ಹಾವಿನ ಪೆಟ್ಟಿಗೆಗೆ ಎಷ್ಟು ತೇವ ಬೇಕು?

ಆಷಾಢ ಹಿಡಿಯಿತೆಂದರೆ ಬೆಳಗಾವಿ ಜಿಲ್ಲೆಯ ಘಟ್ಟದೂರು ಕಣಕುಂಬಿಯ ಅಡುಗೆಮನೆಗಳಲ್ಲಿ ಉಪ್ಪಿನ ಭರಣಿ ಒದ್ದೆಯಾಗುತ್ತದೆ. ಹರಳುಪ್ಪು ಅಂಟಂಟಾಗಿ ತಳದಲ್ಲಿ ನೀರು ನಿಲ್ಲುತ್ತದೆ. ಬೆಂಕಿಪೊಟ್ಟಣಕ್ಕೆ ಒಲೆಯ ಪಕ್ಕದಲ್ಲೇ ಜಾಗ, ತೊಳೆದ ಬಟ್ಟೆಗೆ ಒಲೆಯ ಮೇಲಿನ ಹಗ್ಗವೇ ಗತಿ. ಇದರ ಹಿಂದೆ ಒಂದು ಖಚಿತವಾದ ಲೆಕ್ಕವಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 75ನ್ನು ದಾಟಿದ ಕೂಡಲೇ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಒಣಗಿಯೇ ಇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಕಣಕುಂಬಿಯ ಹವೆ ಆ ಗೆರೆಯಿಂದ ಕೆಳಗಿಳಿಯುವುದೇ ಅಪರೂಪ.

ಅದೇ ವಾರ ಬೆಳಗಾವಿಯ ಟಿಳಕವಾಡಿಯಲ್ಲೋ ಹಿಂದವಾಡಿಯಲ್ಲೋ ಗಾಜಿನ ಪೆಟ್ಟಿಗೆಯಲ್ಲಿ ಬಾಲ್ ಪೈಥಾನ್ ಎಂಬ ಹೆಬ್ಬಾವು ಸಾಕಿದವರ ಮನೆಯ ಮಾತೇ ಬೇರೆ. ಹೊರಗೆ ಜಿಟಿಜಿಟಿ ಮಳೆ, ಗೋಡೆಯ ಮೇಲೆ ಬೂಷ್ಟು. ಆದರೆ ಪೆಟ್ಟಿಗೆಯಲ್ಲಿ ಕಾವಿನ ಬಲ್ಬಿನ ಕೆಳಗೆ ಮಲಗಿದ ಹಾವಿನ ಪೊರೆ ತುಂಡುತುಂಡಾಗಿ ಹರಿದು ಮೈಗೆ ಅಂಟಿಕೊಂಡಿರುತ್ತದೆ. ಇಷ್ಟು ಮಳೆಯ ನಡುವೆ ಹಾವಿನ ಮೈ ಹೇಗೆ ಒಣಗಿತು ಎಂದು ಸಾಕಿದವರು ತಬ್ಬಿಬ್ಬಾಗುತ್ತಾರೆ. ಸರೀಸೃಪ ಸಾಕುವವರು ಮೊದಲು ಎಡವುವುದು ಇಲ್ಲೇ. ತೇವವೆಂದರೆ ನೀರು ಚಿಮುಕಿಸುವುದು ಎಂದುಕೊಳ್ಳುತ್ತಾರೆ, ಇಲ್ಲವೇ ಆರ್ದ್ರತಾ ಮಾಪಕದಲ್ಲಿ ಒಂದು ಅಂಕಿ ನಿಂತರೆ ಕೆಲಸ ಮುಗಿಯಿತು ಎಂದು ನಂಬುತ್ತಾರೆ. ಹಾವಿಗಾಗಲಿ ಹಲ್ಲಿಗಾಗಲಿ ಬೇಕಾದದ್ದು ಒಂದು ಅಂಕಿಯಲ್ಲ. ಒಣ ಜಾಗದಿಂದ ಹಸಿ ಜಾಗಕ್ಕೆ ತಾನಾಗಿಯೇ ಹರಿದುಹೋಗಲು ಅದಕ್ಕೊಂದು ದಾರಿ ಬೇಕು.

ಆ ದಾರಿ ಹೇಗಿರುತ್ತದೆ ಎಂದು ನೋಡಲು ಬೆಳಗಾವಿ ಜಿಲ್ಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ, ಮಲಪ್ರಭೆ ಹುಟ್ಟುತ್ತಾಳೆ. ಸುತ್ತಲೂ ದಟ್ಟ ಕಾಡು. ಒಂದು ಕಡೆ ಗೋವೆಗೆ ಇಳಿಯುವ ಚೋರ್ಲಾ ಘಾಟು, ಇನ್ನೊಂದು ಕಡೆ 2011ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ. ಹತ್ತಿರದ ಆಮಗಾಂವ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದು. ಅಲ್ಲಿಂದ ನದಿ ಖಾನಾಪುರ ದಾಟಿ ಪೂರ್ವಕ್ಕೆ ಹರಿದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಸವದತ್ತಿಯ ನವಿಲುತೀರ್ಥ ಅಣೆಕಟ್ಟು ತಲುಪುವಷ್ಟರಲ್ಲಿ ಕುರುಚಲು ಗಿಡ, ಕಲ್ಲುಗುಡ್ಡ, ಜೋಳದ ಹೊಲ. ರಾಮದುರ್ಗ ದಾಟಿ ಪಟ್ಟದಕಲ್ಲು, ಐಹೊಳೆಗಳ ಮೂಲಕ ಕೂಡಲಸಂಗಮ ಸೇರುವ ಹೊತ್ತಿಗೆ ಅದು ಪೂರ್ತಿ ಬಿಸಿಲುನಾಡಿನ ನದಿ.

ನೀರಿನ ಜೊತೆ ಹಾವು ಹಲ್ಲಿಗಳೂ ಬದಲಾಗುತ್ತವೆ. ಘಟ್ಟದ ಹಳ್ಳದಂಚಿನ ಪೊದೆಯಲ್ಲಿ ಮಲಬಾರ್ ಗುಳಿಮಂಡಲ ಹಸಿರಾಗಿಯೋ ಕಂದಾಗಿಯೋ ಹಳದಿಯಾಗಿಯೋ ಸುರುಳಿ ಸುತ್ತಿ ಕೂರುತ್ತದೆ. ಮರದಿಂದ ಮರಕ್ಕೆ ಹಾರುವ ಓತಿ ತೇಲುತ್ತದೆ. ಮಣ್ಣಿನೊಳಗೆ ಸಿಸಿಲಿಯನ್ ಇದೆ. ನೋಡಲು ಎರೆಹುಳದಂತಿದ್ದರೂ ಅದು ಕಪ್ಪೆಯ ಕಡೆಯ ಜೀವಿ. ಮಹದಾಯಿ ನದಿಯ ಹೆಸರು ಹೊತ್ತ ಒಂದು ಸಿಸಿಲಿಯನ್ 2007ರಲ್ಲಿ ಈ ಚೋರ್ಲಾದಿಂದಲೇ ವಿಜ್ಞಾನಕ್ಕೆ ಪರಿಚಯವಾಯಿತು. ಕೆಳಗೆ ಬಯಲಿಗೆ ಬಂದರೆ ಗಂಟಲಿನ ನೀಲಿ ಬೀಸಣಿಗೆ ಬಿಚ್ಚಿ ಬಿಸಿಲಲ್ಲಿ ಕಲ್ಲಿನ ಮೇಲೆ ನಿಲ್ಲುವ ಓತಿ. ಸಿಸಿಲಿಯನ್‌ನ ಚರ್ಮ ಸದಾ ಹಸಿಯಾಗಿರಬೇಕು, ಒಣಗಿದರೆ ಸಾವು. ಓತಿಯ ಮೈಮೇಲೆ ಹುರುಪೆಯಿದೆ, ಹುರುಪೆಯ ಪದರಗಳ ನಡುವೆ ನೀರು ತಡೆಯುವ ಕೊಬ್ಬಿನಂಶವಿದೆ. ಆದರೆ ಆ ತಡೆ ಎಲ್ಲ ಸರೀಸೃಪಗಳಲ್ಲೂ ಒಂದೇ ತೆರನಾಗಿಲ್ಲ. ಒಣನಾಡಿನವು ಚರ್ಮದಿಂದ ಕಳೆದುಕೊಳ್ಳುವ ನೀರು ಕಡಿಮೆ, ಮಳೆಕಾಡಿನವು ಕಳೆದುಕೊಳ್ಳುವುದು ಹೆಚ್ಚು. ಎರಡನ್ನೂ ಒಂದೇ ಬಗೆಯ ಪೆಟ್ಟಿಗೆಯಲ್ಲಿಟ್ಟರೆ ಒಂದಕ್ಕಾದರೂ ಹಿಂಸೆ ತಪ್ಪಿದ್ದಲ್ಲ.

ಮುಂದೆ ಹೋಗುವ ಮುನ್ನ ಒಂದು ಮಾತು. ಇಲ್ಲಿ ಹೆಸರಿಸಿದ ಕಾಡಿನ ಯಾವ ಜೀವಿಯನ್ನೂ ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನೆಲದ ಹಾವುಗಳನ್ನು ಹಿಡಿಯುವುದನ್ನೂ ಸಾಕುವುದನ್ನೂ ಅಪರಾಧವೆನ್ನುತ್ತದೆ, ಅದು ಸರಿಯಾದ ಕಾನೂನು. ಇಂದು ನಗರಗಳಲ್ಲಿ ಸಾಕುತ್ತಿರುವುದು ಹೊರದೇಶದ ಬಾಲ್ ಪೈಥಾನ್, ಲೆಪರ್ಡ್ ಗೆಕ್ಕೊ, ಕ್ರೆಸ್ಟೆಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್, ಹಸಿರು ಇಗ್ವಾನಾಗಳಂಥವನ್ನು. ಬಾಲ್ ಪೈಥಾನ್, ಇಗ್ವಾನಾಗಳಂತೆ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಲೇಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಳ್ಳಬೇಡಿ.

ಮಳೆಗಾಲದಲ್ಲೂ ಪೆಟ್ಟಿಗೆ ಒಣಗುವುದೇಕೆ? ಶಾಲೆಯ ವಿಜ್ಞಾನದಲ್ಲೇ ಉತ್ತರವಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂನಷ್ಟು ನೀರಾವಿ ಹಿಡಿದುಕೊಳ್ಳಬಲ್ಲದು. 32 ಡಿಗ್ರಿಯಲ್ಲಾದರೆ ಸುಮಾರು 34 ಗ್ರಾಂ. ಕಣಕುಂಬಿಯ ಜುಲೈ ಬೆಳಗಿನ ಗಾಳಿ 20 ಡಿಗ್ರಿಯಲ್ಲಿ ನೂರಕ್ಕೆ ನೂರು ತೇವ ತುಂಬಿದೆ ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯ ಬಲ್ಬಿನ ಕೆಳಗೆ 32 ಡಿಗ್ರಿಗೆ ಕಾದರೆ ಅದರಲ್ಲಿರುವ ನೀರು ಮೊದಲಿನಷ್ಟೇ, ಹಿಡಿಯುವ ಶಕ್ತಿ ಮಾತ್ರ ದುಪ್ಪಟ್ಟು. ಮಾಪಕ ಸುಮಾರು ಶೇ 50 ತೋರಿಸುತ್ತದೆ. ಇನ್ನು ಬೆಳಗಾವಿಯ ಡಿಸೆಂಬರ್ ರಾತ್ರಿಯ ಒಣ ಥಂಡಿಯನ್ನು ನೋಡೋಣ. 15 ಡಿಗ್ರಿ, ಶೇ 40ರ ಗಾಳಿಯಲ್ಲಿರುವುದು ಬರೀ 5 ಗ್ರಾಂ ನೀರು. ಅದನ್ನು 30 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ 17ಕ್ಕೆ ಕುಸಿಯುತ್ತದೆ. ಯಾವ ಹಾವಿಗೂ ಅದು ಮಲಗುವ ಹವೆಯಲ್ಲ. ಕಾವು ಕೊಟ್ಟಾಗಲೆಲ್ಲ ತೇವವನ್ನೂ ಕೊಡಬೇಕು ಎಂಬುದು ಈ ಲೆಕ್ಕದಿಂದ ಬರುವ ಮಾತು. ಬಹಳ ಮಂದಿ ಬಲ್ಬು ಕೊಳ್ಳುವಾಗ ಇದನ್ನು ಕೇಳುವುದಿಲ್ಲ, ಅಂಗಡಿಯವರು ಹೇಳುವುದೂ ಇಲ್ಲ.

ತೇವ ಕಡಿಮೆಯಾದರೆ ಮೊದಲು ತೊಂದರೆ ಕಾಣುವುದು ಪೊರೆ ಬಿಡುವಾಗ. ಈ ಕ್ರಿಯೆಯನ್ನು ಹತ್ತಿರದಿಂದ ನೋಡಿದವರು ಮರೆಯಲಾರರು. ಮೊದಲು ಹಾವಿನ ಬಣ್ಣ ಮಂಕಾಗುತ್ತದೆ. ಆಮೇಲೆ ಕಣ್ಣು ಹಾಲುನೀಲಿ ಬಣ್ಣಕ್ಕೆ ತಿರುಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೊಂದು ಪಾರದರ್ಶಕ ಹುರುಪೆ ಇದೆ, ಪೊರೆಯ ಜೊತೆ ಅದೂ ಕಳಚಬೇಕು. ಹಳೆಯ ಚರ್ಮಕ್ಕೂ ಹೊಸತಕ್ಕೂ ನಡುವೆ ತೆಳ್ಳಗೆ ದ್ರವ ಹರಡಿಕೊಳ್ಳುವುದರಿಂದ ಈ ಮಬ್ಬು. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಆಗ ಹಾವು ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ತಿಕ್ಕಿ ತುಟಿಯಂಚನ್ನು ಬಿಡಿಸಿಕೊಂಡು, ಒಳಗಿನದು ಹೊರಗಾಗುವಂತೆ ಪೊರೆಯನ್ನು ಮಡಚುತ್ತ ಮುಂದಕ್ಕೆ ತೆವಳುತ್ತದೆ. ಹವೆ ಸರಿಯಿದ್ದರೆ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಕಣ್ಣಿನ ಎರಡು ಸಣ್ಣ ಗುಂಡನೆಯ ಮುಚ್ಚಳಗಳೂ ಅದರಲ್ಲೇ ಇರುತ್ತವೆ. ಒಣಹವೆಯಲ್ಲಿ ಆ ನಡುವಿನ ದ್ರವ ಆರಿಹೋಗುತ್ತದೆ. ಪೊರೆ ಚೂರುಚೂರಾಗಿ ಹರಿಯುತ್ತದೆ, ಕಣ್ಣಿನ ಮುಚ್ಚಳ ಉಳಿದುಬಿಡುತ್ತದೆ. ಹಲ್ಲಿಗಳಿಗೆ ಇನ್ನೂ ಕಷ್ಟ. ಬೆರಳಿನ ಸುತ್ತ ಉಳಿದ ಪೊರೆಯ ಉಂಗುರ ಬಿಗಿದು ರಕ್ತ ನಿಂತು ಬೆರಳೇ ಉದುರುತ್ತದೆ.

ಆಗ ಕೈಯಿಂದ ಕಿತ್ತು ತೆಗೆಯುವ ಆತುರ ಬೇಡ. ಕಣ್ಣಿನ ಮುಚ್ಚಳಕ್ಕಂತೂ ಉಗುರು, ಚಿಮಟ ಮುಟ್ಟಿಸಲೇಬಾರದು. ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು ಪ್ರಾಣಿಯನ್ನು ಸ್ವಲ್ಪ ಹೊತ್ತು ಅದರೊಳಗೆ ಬಿಟ್ಟರೆ, ಬಹಳ ಸಲ ಅದು ತಾನೇ ಬಟ್ಟೆಗೆ ಮೈ ತಿಕ್ಕಿ ಬಿಡಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಪಶುವೈದ್ಯರೇ ನೋಡಬೇಕು.

ಹೀಗೆಂದು ಪೆಟ್ಟಿಗೆಯನ್ನು ಕೆಸರುಗದ್ದೆ ಮಾಡುವವರೂ ಇದ್ದಾರೆ. ಅದು ಇನ್ನೂ ಅಪಾಯ. ಸದಾ ಒದ್ದೆಯಾದ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗುತ್ತವೆ, ಗುಳ್ಳೆ ಏಳುತ್ತವೆ, ಕೊಳೆಯುತ್ತವೆ. ಗಾಳಿಯಾಡದ ತಂಪಿನಲ್ಲಿ ಶ್ವಾಸಕೋಶದ ಸೋಂಕು ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಉಸಿರಲ್ಲಿ ಗೊರಗೊರ, ಮೂತಿಯಲ್ಲಿ ನೊರೆ ಅದರ ಲಕ್ಷಣ. ಹಾವಿಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಕಣಕುಂಬಿ, ಜಾಂಬೋಟಿ ಕಡೆ ಯಾರಾದರೂ ಸಾಕುವುದಾದರೆ ಮಳೆಗಾಲದಲ್ಲಿ ಅವರ ಚಿಂತೆ ತೇವ ಕೂಡಿಸುವುದಷ್ಟೇ ಅಲ್ಲ, ಗಾಳಿ ಆಡಿಸುವುದೂ ಹೌದು. ಪೆಟ್ಟಿಗೆಯ ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ ಜಾಳಿಗೆ ಇಟ್ಟರೆ ಕಾದ ಗಾಳಿ ಮೇಲಿನಿಂದ ಹೊರಹೋಗಿ ಹೊಸ ಗಾಳಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಫ್ಯಾನು ಬೇಕಿಲ್ಲ.

ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್‌ಗಳ ಹುಲ್ಲುಗಾವಲಿನಲ್ಲಿ ಬಾಲ್ ಪೈಥಾನ್ ಬೇಸಿಗೆಯ ಒಣಗಾಳಿಯನ್ನು ಹೇಗೆ ತಾಳುತ್ತದೆ? ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲಹುತ್ತದಲ್ಲೋ ಇರುತ್ತದೆ. ಹೊರಗೆ ನೆಲ ಬಿರಿದರೂ ಹುತ್ತದೊಳಗೆ ತೇವ ಇರುತ್ತದೆ. ಲೆಪರ್ಡ್ ಗೆಕ್ಕೊ ಅಫ್ಗಾನಿಸ್ತಾನ, ಪಾಕಿಸ್ತಾನಗಳ ಕಡೆಯ ಕಲ್ಲುನಾಡಿನದು. ಅದೂ ಹಗಲು ಕಳೆಯುವುದು ಕಲ್ಲುಸಂದಿಯ ತಂಪಿನಲ್ಲೇ. ಹವಾಮಾನ ಇಲಾಖೆಯ ಅಂಕಿಯಲ್ಲಿ ಮರುಭೂಮಿ ಎಂದಿದ್ದರೂ ಹಲ್ಲಿ ಬದುಕುವುದು ಆ ಅಂಕಿಯಲ್ಲಲ್ಲ, ತಾನು ಹೊಕ್ಕ ಸಂದಿಯಲ್ಲಿ. ಏಪ್ರಿಲ್‌ನಲ್ಲಿ ಕಣಕುಂಬಿಯ ಕಾಡೂ ಹೀಗೆಯೇ. ಮೇಲೆ ತರಗೆಲೆ ಗರಿಗರಿ, ಜಂಬಿಟ್ಟಿಗೆಯ ಬಿರುಕಿನೊಳಗೆ ಕೈಯಿಟ್ಟರೆ ಹಸಿ. ಆದ್ದರಿಂದ ಇಡೀ ಪೆಟ್ಟಿಗೆಯನ್ನು ತೋಯಿಸುವ ಬದಲು ಅದರಲ್ಲೊಂದು ಹಸಿಯಾದ ಗೂಡು ಇಡಬೇಕು. ಉಳಿದ ಜಾಗ ಒಣಗಿರಲಿ. ಇದಕ್ಕೆ ಪರದೇಶದ ಸಾಮಾನು ತರಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಬೇಕಾದದ್ದು ಖಾನಾಪುರದಲ್ಲೇ ಇದೆ.

ಖಾನಾಪುರ ಮಣ್ಣಿನ ಊರು. ಇಲ್ಲಿಯ ಹಂಚು, ಗಡಿಗೆ, ಹರವಿಗಳಿಗೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲಿಯೇ. ಬೇಸಿಗೆಯಲ್ಲಿ ಬೆಳಗಾವಿಯ ಮನೆಗಳಲ್ಲಿ ನೀರು ತಣ್ಣಗಾಗುವುದು ಈ ಮಣ್ಣಿನ ಹರವಿಯಲ್ಲಿ. ಬಣ್ಣ, ಮೆರುಗು ಬಳಿಯದ ಸುಟ್ಟ ಮಣ್ಣಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರು ಅವುಗಳ ಮೂಲಕ ಹೊರಮೈಗೆ ಒಸರಿ ಆವಿಯಾಗುತ್ತದೆ. ಸಾಕುವವರಿಗೆ ಬೇಕಾದದ್ದು ಸರಿಯಾಗಿ ಇದೇ ಗುಣ: ಒಮ್ಮೆಗೇ ಸುರಿಯದೆ ಗಂಟೆಗಟ್ಟಲೆ ನಿಧಾನವಾಗಿ ತೇವ ಬಿಡುವುದು. ಗಾಳಿ ಒಣಗಿದ್ದಷ್ಟೂ ಮಣ್ಣು ಹೆಚ್ಚು ತೇವ ಬಿಡುತ್ತದೆ, ಹಸಿ ಹೆಚ್ಚಿದಾಗ ತಾನೇ ಕಡಿಮೆ ಮಾಡುತ್ತದೆ. ಇಷ್ಟು ವಿವೇಕ ಯಾವ ಮಂಜಿನ ಯಂತ್ರಕ್ಕೂ ಇಲ್ಲ.

ಮಾಡುವ ಕ್ರಮ ಸರಳ. ಬಾಯಿ ಅಗಲವಾದ ಸಣ್ಣ ಗಡಿಗೆ ತನ್ನಿ. ಅಂಚು ಒಡೆದದ್ದಾದರೂ ನಡೆಯುತ್ತದೆ, ಚೂಪಾದ ಕಡೆಯನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿದರಾಯಿತು. ಹಾವು ಸುರುಳಿ ಸುತ್ತಿದರೆ ಮೈ ಗೋಡೆಗೆ ತಾಗುವಷ್ಟೇ ಅಗಲವಿರಲಿ, ದೊಡ್ಡ ಗೂಡಿನಲ್ಲಿ ಹಾವಿಗೆ ಧೈರ್ಯವಿರುವುದಿಲ್ಲ. ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಹೊಸ ಗಡಿಗೆಯಾದರೆ ಗುಳುಗುಳು ಸದ್ದಿನೊಂದಿಗೆ ಗುಳ್ಳೆ ಏಳುತ್ತವೆ, ಸದ್ದು ನಿಂತ ಮೇಲೆ ಮಣ್ಣು ತುಂಬಿದೆ ಎಂದರ್ಥ. ಹೊರಗೆ ತೆಗೆದು ಒರೆಸಿ, ಒಳಗೆ ಹಿಂಡಿದ ತೆಂಗಿನ ನಾರಿನ ಪುಡಿ ಹರಡಿ, ಅಡ್ಡ ಮಲಗಿಸಿ ಇಡಿ. ಇಡುವ ಜಾಗ ಮುಖ್ಯ. ಆವಿಯಾಗುವಾಗ ಮಣ್ಣು ತಣ್ಣಗಾಗುತ್ತದೆ. ಪೆಟ್ಟಿಗೆಯ ಥಂಡಿ ಮೂಲೆಯಲ್ಲಿಟ್ಟರೆ ಹಸಿಯೂ ತಂಪೂ ಸೇರಿ ರೋಗಕ್ಕೆ ದಾರಿ. ಬಲ್ಬಿನ ನೇರ ಕೆಳಗಿಟ್ಟರೆ ಬೇಗ ಒಣಗುತ್ತದೆ. ನಡುವೆ, ಕಾವಿನ ಕಡೆಗೆ ತುಸು ಸರಿದಂತೆ ಇಡಬೇಕು. ಎರಡು ಗಡಿಗೆಯಿದ್ದರೆ ಒಂದು ಒಳಗೆ, ಒಂದು ಬಿಸಿಲಿಗೆ. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಗಡಿಗೆಯಲ್ಲಿ ಬೂಷ್ಟು ಉಳಿಯದು.

ತೆಂಗಿನ ನಾರಿನ ಪುಡಿ, ಅಂಗಡಿಯ ಮಾತಿನಲ್ಲಿ ಕೊಕೊಪೀಟ್, ಕೂಡ ನಮ್ಮದೇ ಸರಕು. ಭಾರತ ಮತ್ತು ಶ್ರೀಲಂಕಾದಿಂದ ಹೋಗುವ ಈ ಪುಡಿಯ ಇಟ್ಟಿಗೆಗಳ ಮೇಲೆಯೇ ಯುರೋಪು ಅಮೆರಿಕಗಳ ಎಷ್ಟೋ ಹಾವುಗಳು ಮಲಗುತ್ತವೆ. ತನ್ನ ತೂಕದ ಹಲವು ಪಟ್ಟು ನೀರು ಹೀರಿ ನಿಧಾನವಾಗಿ ಬಿಡುವುದು ಅದರ ಗುಣ. ಸಸ್ಯಪಾಲನಾ ಅಂಗಡಿಯಲ್ಲಿ ಕೊಳ್ಳುವಾಗ ಗೊಬ್ಬರ ಬೆರೆಸದ್ದನ್ನೇ ಕೇಳಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೇಲ್ಪದರ ಒಣಗಿ ಕೆಳಪದರ ಹಸಿಯಿರಲಿ. ಅದಕ್ಕಾಗಿ ಮೇಲಿನಿಂದ ಚಿಮುಕಿಸುವ ಬದಲು ಮೂಲೆಯಿಂದ ಕೆಳಗಿಳಿಯುವಂತೆ ನೀರು ಹಾಕುವುದು ಒಳ್ಳೆಯದು. ಕಾಡಿನ ಮರದ ಮೇಲಿನ ಪಾಚಿ ಕಿತ್ತು ತಂದು ಹಾಸುವವರನ್ನು ದಯವಿಟ್ಟು ತಡೆಯಿರಿ. ಅದೂ ಯಾವುದೋ ಜೀವಿಯ ಮನೆಯೇ. ನ್ಯೂ ಕ್ಯಾಲೆಡೋನಿಯಾದ ಕ್ರೆಸ್ಟೆಡ್ ಗೆಕ್ಕೊಗಳಿಗೆ ಮಾತ್ರ ಸಂಜೆ ಹೊತ್ತು ಎಲೆಗಳ ಮೇಲೆ ನೀರು ಸಿಂಪಡಿಸಬೇಕು, ಅವು ಹನಿಗಳನ್ನು ನೆಕ್ಕಿ ಕುಡಿಯುತ್ತವೆ. ಮರುದಿನ ಮಧ್ಯಾಹ್ನದೊಳಗೆ ಎಲೆ ಒಣಗಿರಬೇಕು. ಬೋರ್‌ವೆಲ್ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ, ಹಿಡಿದಿಟ್ಟ ಮಳೆನೀರು ಉತ್ತಮ.

ಇನ್ನು ಅಳತೆಯ ಮಾತು. 1783ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಮನುಷ್ಯನ ತಲೆಗೂದಲಿನಿಂದ ಆರ್ದ್ರತಾ ಮಾಪಕ ಮಾಡುವ ಬಗೆಯನ್ನು ಪ್ರಕಟಿಸಿದ. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಅಷ್ಟೇ ಅದರ ತತ್ವ. ಇಂದು ಡಿಜಿಟಲ್ ಮಾಪಕ ಅಗ್ಗಕ್ಕೆ ಸಿಗುತ್ತದೆ, ಆದರೆ ಎಲ್ಲವೂ ನಿಜ ಹೇಳುವುದಿಲ್ಲ. ಪರೀಕ್ಷಿಸಲು ಆ ಅಡುಗೆಮನೆಯ ಉಪ್ಪೇ ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕರಗಿಹೋಗದಂತೆ ಗಟ್ಟಿ ಕೆಸರಾಗುವಷ್ಟೇ ನೀರು ಬೆರೆಸಿ, ಮಾಪಕದ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿಟ್ಟು ಎಂಟು ಗಂಟೆ ಬಿಡಿ. ಒಳಗಿನ ಹವೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಮುಂದೆ ಯಾವಾಗಲೂ 7 ಕೂಡಿಸಿ ಓದಿ. ಪೆಟ್ಟಿಗೆಗೆ ಎರಡು ಮಾಪಕ ಬೇಕು, ಕಾವಿನ ಕಡೆಗೊಂದು, ತಂಪಿನ ಕಡೆಗೊಂದು. ಎರಡೂ ಒಂದೇ ಅಂಕಿ ತೋರಿಸಿದರೆ ಪ್ರಾಣಿಗೆ ಆಯ್ಕೆ ಉಳಿದಿಲ್ಲ ಎಂದು ತಿಳಿಯಿರಿ. ಸ್ಥೂಲವಾಗಿ ಬಾಲ್ ಪೈಥಾನ್‌ಗೆ ಶೇ 60ರ ಆಸುಪಾಸು, ಪೊರೆಗೆ ಬಂದಾಗ ಇನ್ನಷ್ಟು. ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್‌ಗಳಿಗೆ 30ರಿಂದ 40, ಗೆಕ್ಕೊಗೆ ಹಸಿ ಗೂಡು ಬೇರೆ.

ಒಣನಾಡಿನ ಪ್ರಾಣಿಗೆ ತೇವವೇ ಬೇಡ ಎಂಬ ನಂಬಿಕೆ ಎಷ್ಟು ಆಳವಾಗಿತ್ತು ಎನ್ನುವುದಕ್ಕೆ ಆಮೆಗಳ ಬೆನ್ನು ಸಾಕ್ಷಿ. ಸಾಕಿದ ನೆಲದಾಮೆಗಳ ಚಿಪ್ಪು ಗುಬ್ಬಿಗುಬ್ಬಿಯಾಗಿ ಮೇಲೇಳುವುದು ಹೆಚ್ಚು ಪ್ರೋಟೀನ್ ತಿನ್ನಿಸಿದ್ದರಿಂದ ಎಂದೇ ಬಹುಕಾಲ ಹೇಳುತ್ತಿದ್ದರು. 2003ರಲ್ಲಿ ವಿಯೆನ್ನಾದ ಸಂಶೋಧಕರು ಆಫ್ರಿಕದ ಸುಲ್ಕಾಟಾ ಆಮೆಮರಿಗಳನ್ನು ಬೇರೆಬೇರೆ ಆರ್ದ್ರತೆಯಲ್ಲಿ, ಬೇರೆಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿದರು. ಗುಬ್ಬಿ ಎದ್ದದ್ದು ಮುಖ್ಯವಾಗಿ ಒಣಹವೆಯಲ್ಲಿ ಬೆಳೆದವಕ್ಕೆ, ಪ್ರೋಟೀನಿನ ಪಾತ್ರ ಅಲ್ಪ. ನಮ್ಮ ನಕ್ಷತ್ರ ಆಮೆಗೂ ಈ ಪಾಠ ಅನ್ವಯಿಸುತ್ತದೆ, ಆದರೆ ಮನೆಯಲ್ಲಲ್ಲ, ಪುನರ್ವಸತಿ ಕೇಂದ್ರಗಳಲ್ಲಿ. ಅದನ್ನು ಸಾಕುವುದು ಅಪರಾಧ, 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪೂರ್ತಿ ನಿಷೇಧ. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳು 2018ರಲ್ಲಿ ಬೆಂಗಳೂರಿಗೆ ಮರಳಿ ಬಂದವು. ಸೂಟ್‌ಕೇಸಿನ ಒಣಕತ್ತಲಲ್ಲಿ ಸಾಗುವ ಇಂಥ ಜೀವಗಳ ಪಾಡು ನೆನೆದರೆ ಸಂಕಟವಾಗುತ್ತದೆ.

ತೇವದ ವಿದ್ಯೆಯಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಸರ್ಪದ ತಾಯಿಯನ್ನು ಮೀರಿಸಿದವರಿಲ್ಲ. 2024ರಲ್ಲಿ ಇಲ್ಲಿಯ ಕಾಳಿಂಗಕ್ಕೆ ಪ್ರತ್ಯೇಕ ಪ್ರಭೇದದ ಸ್ಥಾನ ಸಿಕ್ಕಿ ಹೆಸರಿನಲ್ಲೂ ಕಾಳಿಂಗ ಎಂಬ ಕನ್ನಡ ಪದವೇ ಸೇರಿತು. ಮುಂಗಾರಿಗೆ ಮುಂಚೆ ಹೆಣ್ಣು ಹಾವು ಮೈಯ ಸುರುಳಿಯಿಂದ ತರಗೆಲೆ ಎಳೆದು ಒಟ್ಟಿ ದಿಬ್ಬದಂಥ ಗೂಡು ಕಟ್ಟಿ ಒಳಗೆ ಮೊಟ್ಟೆಯಿಡುತ್ತದೆ. ಹಾವಿನ ಮೊಟ್ಟೆಯ ಚಿಪ್ಪು ಕೋಳಿಯದರಂತೆ ಗಡುಸಲ್ಲ, ತೊಗಲಿನಂಥದು, ಸುತ್ತಲಿನ ತೇವ ಹೀರುತ್ತದೆ. ಒಣಗಿದರೆ ತಗ್ಗು ಬೀಳುತ್ತದೆ, ನೀರು ನಿಂತರೆ ಮರಿ ಉಸಿರುಕಟ್ಟುತ್ತದೆ. ಆಗುಂಬೆಯಂಥ ಮಳೆಯಲ್ಲೂ ಎಲೆಗಳ ಪದರ ಸುರಿಯುವ ನೀರನ್ನು ಹೊರಕ್ಕೆ ಜಾರಿಸಿ, ಒಳಗೆ ಹಸಿ ಉಳಿಸಿ, ಮೊಟ್ಟೆಗಳನ್ನು ಮುಳುಗದಂತೆ ಕಾಯುತ್ತದೆ. ಪ್ರಾಣಿಸಂಗ್ರಹಾಲಯಗಳಲ್ಲಿ ಹಾವಿನ ಮೊಟ್ಟೆಗೆ ಕಾವು ಕೊಡುವವರು ನೀರು ಹೀರುವ ವರ್ಮಿಕ್ಯುಲೈಟ್ ಎಂಬ ಖನಿಜವನ್ನು ತೂಗಿ ಅಷ್ಟೇ ತೂಕದ ನೀರು ಬೆರೆಸಿ ಸಾಧಿಸಲು ನೋಡುವುದು ಇದನ್ನೇ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ಕೆಲಸ ನೋಡುವುದು. ಪ್ರತಿದಿನ ಬೆಳಿಗ್ಗೆ, ರಾತ್ರಿ ಪ್ರಾಣಿ ಎಲ್ಲಿ ಮಲಗಿದೆ ಎಂದು ಎರಡು ಮಾಪಕಗಳ ಅಂಕಿಯ ಪಕ್ಕದಲ್ಲಿ ಬರೆದಿಡಿ. ಕಣ್ಣು ಮಬ್ಬಾದಾಗ ಹಾವು ಹಸಿ ಗಡಿಗೆಗೆ ಹೋಗಿ, ಪೊರೆ ಕಳಚಿದ ಮೇಲೆ ಒಣ ಗೂಡಿಗೆ ಮರಳಿದರೆ ಎಲ್ಲ ಸರಿಯಿದೆ. ಗಡಿಗೆ ಬಿಟ್ಟು ಬರುವುದೇ ಇಲ್ಲವಾದರೆ ಉಳಿದ ಪೆಟ್ಟಿಗೆ ಅತಿಯಾಗಿ ಒಣಗಿದೆ. ಗಡಿಗೆಯ ಕಡೆ ಸುಳಿಯದೆ ಎತ್ತರದ ಕೊಂಬೆಗೇ ಅಂಟಿಕೊಂಡರೆ ನೆಲ ಅತಿಯಾಗಿ ಒದ್ದೆಯಾಗಿದೆ. ದಿನಗಟ್ಟಲೆ ನೀರಿನ ಬೋಗುಣಿಯಲ್ಲೇ ಮುಳುಗಿ ಕುಳಿತಿದ್ದರೆ ಮೂರರಲ್ಲೊಂದು ಕಾರಣ: ಹವೆ ಒಣಗಿದೆ, ಕಾವು ಹೆಚ್ಚಾಗಿದೆ, ಇಲ್ಲವೇ ಹುರುಪೆಗಳ ಸಂದಿಯಲ್ಲಿ ನುಸಿಗಳು ಸೇರಿವೆ. ಬೋಗುಣಿಯ ನೀರನ್ನು ಬಿಳಿ ತಟ್ಟೆಗೆ ಸುರಿದು ನೋಡಿ. ಕಪ್ಪು ಚುಕ್ಕೆಗಳು ತೇಲಿದರೆ ತೇವದ ಯೋಚನೆ ಬಿಟ್ಟು ಅಂದೇ ಪಶುವೈದ್ಯರ ಹತ್ತಿರ ಹೋಗಿ.